ಹಸಿ ದುಡ್ಡು

ನೊಣವಿನಕೆರೆ
೧೭-೧೦-೧೯೮೩

ಚಿ. ಸೌ. ಸರ್ವಮಂಗಳಳಿಗೆ,

ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ, ಹಸುವೂ ಕ್ಷೇಮ. ಆ ವಿಷಯ ಅಷ್ಟು ಸಾಕು. ಈ ಕಾಗದ ಬರೆಯುತ್ತಿರುವುದು ನಿನ್ನನ್ನು ಬೈಯುವುದಕ್ಕೆ.

ಅಳಿಯಂದಿರ ಕಾಗದ ಬಂತು. ನೀವು ಬಾಡಿಗೆಗಿರುವ ಮನೆಯನ್ನು ಅಂಕಮ್ಮನವರು ಮಾರುತ್ತಾರಂತೆ. ಮೊದಲು ನಿಮ್ಮನ್ನೇ ಕೇಳಿದ್ದಾರೆ. ಈ ತಿಂಗಳ ಕೊನೆಯವರೆಗೆ ಕಾದು, ಆಮೇಲೆ ಹುಳಿಯಾರಿನ ವ್ಯಾಪಾರಿಯೊಬ್ಬನಿಗೆ ಕೊಡುತ್ತಾರಂತೆ. ಟೆಲಿಫೋನ್ ಆಫೀಸಿನ ನಿನ್ನ ಒಂದು ವರ್ಷದ ಸಂಬಳ ಪೋಸ್ಟಾಫೀಸಿನಲ್ಲಿ ಹಾಗೇ ಕೂತಿದೆ. ಅಳಿಯಂದಿರ ಹತ್ತಿರ ಇರುವುದನ್ನೂ ಸೇರಿಸಿದರೆ ಮನೆಯ ಬೆಲೆಗೆ ಸರಿಹೋಗುತ್ತದೆ. ಆದರೆ ನೀನು, “ಇನ್ನೂ ಹಸಿ ದುಡ್ಡು ಕಣ್ರೀ, ಮುಂದಿನ ದಸರಾವರೆಗೆ ತಡೀರಿ” ಅಂದೆಯಂತೆ. ಅದಕ್ಕೆ ಅಂಕಮ್ಮನವರು, “ಮನೆ ಏನು ಕೊಬ್ಬರಿಯೇನವ್ವಾ, ಅಟ್ಟದ ಮ್ಯಾಲೆ ಒಣಗಾಕಾಕೆ?” ಅಂದರಂತೆ. ಓದಿ ನಕ್ಕೆ. ನಿಮ್ಮ ತಂದೆಯವರಿಗೆ ಕಾಣದ ಹಾಗೆ ನಕ್ಕೆ.

ಕೆಲಸಕ್ಕೆ ಸೇರಿದಾಗಿನಿಂದ ನೀನು ಯಾವ ತಿಂಗಳ ಸಂಬಳವನ್ನೂ ವರ್ಷ ತುಂಬುವವರೆಗೆ ಮುಟ್ಟುವುದಿಲ್ಲವಂತೆ. “ಅತ್ತೆ, ನನ್ನ ಸಂಬಳ ಹಸಿಯಾಗೇ ತಿಂತೀವಿ, ಅವಳದು ಮಾತ್ರ ಒಣಗ್ತಾ ಇರುತ್ತೆ” ಎಂದು ಬರೆದಿದ್ದಾರೆ. ತಮಾಷೆಗೆ ಬರೆದದ್ದೇ, ಆದರೆ ಆ ಮನೆ ಕೈತಪ್ಪಿದರೆ ನಿನಗೇ ಹೆಚ್ಚು ಸಂಕಟ. ಹಿತ್ತಲ ಬಾಗಿಲಲ್ಲಿ ಕೂತು ಕಾಫಿ ಕುಡಿಯುವಾಗ ನಿನ್ನ ಮುಖ ಹೇಗಿರುತ್ತದೆಂದು ನಾನೇ ನೋಡಿದ್ದೇನೆ.

ತಪ್ಪು ನನ್ನದು. ಈ ಮಾತನ್ನು ನಾನು ಇದುವರೆಗೆ ಯಾರಿಗೂ ಬರೆದಿಲ್ಲ, ಬೇಕಾದರೆ ಎರಡು ಸಲ ಓದಿಕೋ.

ನಿನಗೆ ಆಗ ಏಳು ವರ್ಷ. ದೀಪಾವಳಿಗೆ ಜರಿಯಂಚಿನ ಲಂಗ ಬೇಕೆಂದು ಹಟ ಹಿಡಿದೆ. ನಾನು, “ದುಡ್ಡು ಐತೆ ಕಣೇ, ಅಟ್ಟದ ಮ್ಯಾಲೈತೆ. ಇನ್ನೂ ಹಸಿ. ಕೊಬ್ಬರಿಗಿಟ್ಟ ತೆಂಗಿನಕಾಯಿ ಹಂಗೆ, ವರ್ಷ ತುಂಬಿ ಅದರ ನೀರೂ ಬತ್ತಬೇಕು. ಈಗ್ಲೇ ಮುಟ್ಟಿದ್ರೆ ಕೊಳೆತೋಯ್ತದೆ” ಅಂದೆ. ನಿಜ ಹೇಳುತ್ತೇನೆ, ಅಟ್ಟದಲ್ಲಿ ಮುಂದೆ ಒಂದು ಸಾಲು ಕಾಯಿ ಬಿಟ್ಟರೆ ಹಿಂದೆಲ್ಲ ಖಾಲಿ. ಬಂದವರಿಗೆ ತುಂಬಿದ ಹಾಗೆ ಕಾಣಲಿ ಎಂದು ಆ ಸಾಲನ್ನು ನಾನೇ ಜೋಡಿಸಿದ್ದೆ. ಮೇಲಿನ ತೋಟದಲ್ಲಿ ಬಾವಿ ತೋಡಿಸಲೇಬೇಕೆಂದು ನಿಂತವಳು ನಾನು. ನಿಮ್ಮ ತಂದೆಯವರು, “ಬ್ಯಾಡ ಕಣೇ, ಅಲ್ಲಿ ನೀರಿಲ್ಲ” ಅಂದರು. ನಾನು ಕೇಳಲಿಲ್ಲ. ಒಣಗಲು ಹಾಕಿದ್ದ ಕಾಯಿಯನ್ನೆಲ್ಲ ಹಸಿಯಾಗೇ ಮಾರಿ ತೋಡಿಸಿದೆ. ನಲವತ್ತು ಅಡಿಗೆ ಬರೀ ಬಂಡೆ. ಅವರು ಇವತ್ತಿನವರೆಗೆ ಆ ಬಾವಿಯ ಮಾತು ಎತ್ತಿಲ್ಲ. ಅದೇ ನನಗೆ ಸಿಟ್ಟು.

ನೀನೋ, ನನ್ನ ಮಾತು ನಂಬಿ ಅಜ್ಜಿ ಕೊಟ್ಟ ನಾಲ್ಕಾಣೆಯನ್ನು ಆ ಸಾಲಿನ ಸಂದಿಯಲ್ಲಿ ಒಣಗಲು ಇಟ್ಟೆ. ಆಗಾಗ ಏಣಿ ಹತ್ತಿ ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, ನೀರು ಬತ್ತಿತೇ ಎಂದು ನೋಡುತ್ತಿದ್ದೆ. ವರ್ಷ ತುಂಬಿ ಕೊಬ್ಬರಿ ಸುಲಿಸುವ ಹಿಂದಿನ ದಿನ ನಾನು ಅದರ ಪಕ್ಕದಲ್ಲಿ ಇನ್ನೊಂದು ನಾಲ್ಕಾಣೆ ಇಟ್ಟೆ. ಕಾಯಿ ಇಳಿಸುತ್ತಿದ್ದ ಭೂತಮ್ಮ, “ಅಮ್ಮಾರೇ, ನಿಮ್ಮ ಅಟ್ಟದಾಗೆ ದುಡ್ಡು ಮರಿ ಹಾಕೈತೆ!” ಎಂದು ಕೂಗಿದಳು. ನೀನು ಅಂಗಳದ ತುಂಬ ಕುಣಿದೆ. ಆ ಕುಣಿತದ ಎದುರು ನಿಜ ಹೇಳುವ ಮನಸ್ಸಾಗಲಿಲ್ಲ. ಲಂಗವನ್ನೂ ಹೊಲಿಸಿದೆ. ನಿನ್ನ ತಲೆಯಲ್ಲಿ ಆ ಮಾತು ಅಲ್ಲೇ ಬೇರೂರಿತು.

ಈಗ ಕೇಳು. ದುಡ್ಡು ಒಣಗುವುದಿಲ್ಲ, ಕೊಳೆಯುವುದೂ ಇಲ್ಲ. ಮರಿ ಹಾಕಿಸಿದ್ದು ಅಟ್ಟವಲ್ಲ, ನಾನು. ಕಾಗದ ತಲುಪಿದ ದಿನವೇ ಪೋಸ್ಟಾಫೀಸಿಗೆ ಹೋಗಿ ದುಡ್ಡು ತೆಗೆ. ರಿಜಿಸ್ಟರ್ ಖರ್ಚಿಗೆ ಎರಡು ಸಾವಿರ ಕಡಿಮೆ ಬೀಳುತ್ತದೆ ಎಂದು ಅಳಿಯಂದಿರು ಬರೆದಿದ್ದಾರೆ. ಅದಕ್ಕೆ ನನ್ನ ಮುಖ ನೋಡಬೇಡ. ನಮ್ಮ ಕಾಯಿ ಅಟ್ಟ ಹತ್ತಿ ಎಂಟೇ ತಿಂಗಳು. ಆ ಬಾವಿಯಾದ ಮೇಲೆ ಒಣಗದೆ ಮಾರಿದವಳಲ್ಲ ನಾನು.

ಇಂತಿ ನಿನ್ನ ಅವ್ವ,
ಗುರುಸಿದ್ದಮ್ಮ

ತಾ.ಕ.: ನಿನ್ನೆ ಬರೆದ ಈ ಕಾಗದವನ್ನು ಇವತ್ತು ಡಬ್ಬಿಗೆ ಹಾಕುತ್ತಿದ್ದೇನೆ. ಬೆಳಿಗ್ಗೆ ಅಟ್ಟದ ಕಾಯಿಯನ್ನೆಲ್ಲ ಕಿಬ್ಬನಹಳ್ಳಿಯ ವ್ಯಾಪಾರಿಗೆ ಹಸಿಯಾಗೇ ಕೊಟ್ಟುಬಿಟ್ಟೆ. ಇಳಿಸು ಅಂದಾಗ ಭೂತಮ್ಮ ನನ್ನ ಹಣೆ ಮುಟ್ಟಿ ಜ್ವರ ನೋಡಿದಳು. ಎರಡು ಸಾವಿರ ಹಿಡಿದು ಸೋಮವಾರ ಮೊದಲ ಬಸ್ಸಿಗೆ ಬರುತ್ತೇನೆ, ಹಾಲುಕ್ಕಿಸಲು ಹೊಸ ಪಾತ್ರೆಯನ್ನೂ ತರುತ್ತೇನೆ. ನಿಮ್ಮ ತಂದೆಯವರು ಜಗಲಿಯ ಮೇಲೆ ಕೂತು ಕಾಯಿ ತುಂಬಿದ ಗಾಡಿ ಹೋಗುವುದನ್ನೇ ನೋಡುತ್ತಿದ್ದರು. ಇಪ್ಪತ್ತೈದು ವರ್ಷದ ಮೇಲೆ ಆ ಬಾವಿಯ ಬಗ್ಗೆ ಬಾಯಿ ಬಿಟ್ಟರು: “ಈ ಸಲ ನೀರು ಸಿಕ್ತು ಬುಡು.”