ಅಪ್ಪ ಕೊಟ್ಟ ಹಗ್ಗ

ಅಪ್ಪನಿಗೆ ನಮಸ್ಕಾರ.

ಈ ವ್ಯಾನನ್ನೇ ಮನೆ ಮಾಡಿಕೊಂಡು ನಾನು ಹೊರಟ ದಿನ ನೀವು ಒಂದು ಹಗ್ಗ ಕೊಟ್ಟು, "ಗಾಡಿ ಕೈಕೊಟ್ರೆ ಫೋನ್ ಮಾಡು, ಇದಕ್ಕೇ ಕಟ್ಟಿ ಮನೆಗೆ ಎಳ್ಕೊಂಡು ಬರ್ತೀನಿ" ಅಂದಿದ್ದಿರಿ.

ಮೊನ್ನೆ ಏರುದಾರಿಯಲ್ಲಿ ಗಾಡಿ ಕೈಕೊಟ್ಟಿತು. ರೇಡಿಯೇಟರಿನ ಪೈಪು ತುದಿಯಲ್ಲಿ ಸೀಳಿತ್ತು. ಇಂಜಿನ್ ತಣ್ಣಗಾದ ಮೇಲೆ ಸೀಳಿದ ತುದಿಯನ್ನು ತರಕಾರಿ ಚಾಕುವಿನಿಂದ ಕತ್ತರಿಸಿ, ಉಳಿದ ಪೈಪನ್ನು ಎಳೆದು ಬಿಗಿದೆ. ಅಡುಗೆಗೆ ಇಟ್ಟಿದ್ದ ನೀರನ್ನೆಲ್ಲ ರೇಡಿಯೇಟರೇ ಕುಡಿಯಿತು.

ಮುಂದಿನ ತಿರುವಿನಲ್ಲಿ ಒಂದು ಕಾರು ಕೆಟ್ಟು ನಿಂತಿತ್ತು. ನಿಮ್ಮ ವಯಸ್ಸಿನ ಅದರ ಯಜಮಾನರು ನಾನು ಹಗ್ಗ ತೆಗೆದದ್ದು ನೋಡಿ, "ನಿನ್ನ ಡಬ್ಬಾ ನನ್ನನ್ನ ಎಳೆಯುತ್ತೇನಮ್ಮಾ?" ಎಂದು ನಕ್ಕರು. ಗ್ಯಾರೇಜಿನ ಬಾಗಿಲವರೆಗೂ ಎಳೆಯಿತು. ಅಲ್ಲಿ ನಿಮ್ಮ ಹಗ್ಗ ತುಂಡಾಯಿತು.

ನನ್ನನ್ನು ನೋಡಲು ಬರುವಾಗ ಇನ್ನೊಂದು ತನ್ನಿ, ಸ್ವಲ್ಪ ದಪ್ಪನೆಯದು. ಇಲ್ಲಿ ಇಬ್ಬರು ಮಲಗುವಷ್ಟು ಜಾಗವಿದೆ.

ನಿಮ್ಮ ಮಗಳು