ತುಂಬಿದವನೇ ಮೊದಲು ಹೊಡೆಯಬೇಕು

ಚೆಂಬೂರು, ಮುಂಬಯಿ
ರವಿವಾರ, ೧೯ ಜನವರಿ ೨೦೨೫

ದೋಸ್ತ ಶಿವಪುತ್ರಪ್ಪನಿಗೆ ನಿಜಾಮುದ್ದೀನನ ಸಲಾಮು, ನಿಮ್ಮ ಮನೆಯ ಪದ್ಧತಿಯಂತೆ ಶರಣು.

ಮಲ್ಲವ್ವ ತಂಗಿಗೂ ನಿನ್ನ ಮಗ ಬಸುವಿಗೂ ಮೊಮ್ಮಗಳು ಸೋನಾಲಿಗೂ ನನ್ನ ನೆನಪು ಹೇಳು. ಪತ್ರ ತಡವಾದದ್ದಕ್ಕೆ ಕ್ಷಮಿಸು ಎಂದು ಬರೆಯಲು ಕೂತೆ, ನನಗೇ ನಗು ಬಂತು. ಹತ್ತು ದಿನ ತಡ ಮಾಡಿದವನಿಗೆ ಆ ಮಾತು ಒಪ್ಪುತ್ತದೆ. ಹನ್ನೆರಡು ವರ್ಷ ತಡ ಮಾಡಿದವನು ಏನು ಬರೆಯಬೇಕು? ಚೆಂಬೂರಿನಲ್ಲಿ ಲೋಕಲ್ ಹತ್ತಿ ವಡಾಳಾದಲ್ಲಿ ಗಾಡಿ ಬದಲಿಸಿದರೆ ನಿನ್ನ ವಿಲೆ ಪಾರ್ಲೆ. ಒಂದು ತಾಸಿನ ದಾರಿ. ಆದರೂ ಈದಿಗೆ ನಾನು ಮಗಳು ನೂರೀನಳ ಕೈಯಲ್ಲಿ ಶೀರ್‌ಖುರ್ಮಾ ಕಳಿಸಿದೆ, ದೀಪಾವಳಿಗೆ ನೀನು ಬಸುವಿನ ಕೈಯಲ್ಲಿ ಕರ್ಚಿಕಾಯಿ ಕಳಿಸಿದೆ. ಡಬ್ಬಿಗಳು ಓಡಾಡಿದವು, ನಾವಿಬ್ಬರು ಓಡಾಡಲಿಲ್ಲ.

ನಾನು ಕಾಗದ ಹಿಡಿದದ್ದನ್ನು ನೋಡಿ ನೂರೀನ, "ಅಬ್ಬಾ, ಇಷ್ಟು ಲಂಬಾ ಯಾಕ ಬರೀತೀರಿ? ವಾಯ್ಸ್ ಮೆಸೇಜ್ ಭೇಜ್ ದೋ ನಾ" ಎಂದಳು. ಅವಳ ಕನ್ನಡ ನಿನಗೆ ಗೊತ್ತಲ್ಲ, ಅರ್ಧ ದಾರಿಯಲ್ಲಿ ಹಿಂದಿಗೆ ಇಳಿದುಬಿಡುತ್ತದೆ. ಫೋನಿನಲ್ಲಿ ನಾವು ಏನು ಮಾತಾಡುತ್ತೇವೆ ಹೇಳು. ಮಳಿ ಹೆಂಗೈತಿ, ಮೊಣಕಾಲು ಹೆಂಗೈತಿ, ಆತು ಇಡ್ತೀನಿ. ಅದಕ್ಕೇ ಈ ಕಾಗದ. ಅವಳ ಆಫೀಸು ನಿನ್ನ ಕಡೆಯೇ ಇರುವುದರಿಂದ ಇದನ್ನು ಅವಳೇ ತಂದುಕೊಡುತ್ತಾಳೆ. ಜೊತೆಗೆ ಒಂದು ಸಣ್ಣ ಪೊಟ್ಟಣವಿದೆ. ಅದನ್ನು ಪತ್ರ ಪೂರ್ತಿ ಓದಿದ ಮೇಲೆ ಬಿಚ್ಚು. ನಿನಗೆ ಮೊದಲೇ ಬಿಚ್ಚುವ ಚಟವಿದೆ, ನನಗೆ ಗೊತ್ತು.

ಸುದ್ದಿ ಏನೆಂದರೆ, ಆ ರೈಫಲು ಮತ್ತೆ ಬಾಂದ್ರಾದ ನಮ್ಮ ಬಂದೂಕಿನ ಅಂಗಡಿಗೆ ಬಂದಿದೆ. ಹೌದು, ಅದೇ. ನಿನ್ನ ಬಲಗಣ್ಣು ತೆಗೆದುಕೊಂಡದ್ದು. ಅದರ ಮಾಲೀಕರಾದ ಧಾರವಾಡದ ಹಿರಿಯರು ಹೋದ ವರ್ಷ ತೀರಿಕೊಂಡರು. ಲೈಸೆನ್ಸು ಈಗ ಮೊಮ್ಮಗಳು ಪ್ರಣೀತಾಳ ಹೆಸರಿಗಾಗಿದೆ. ಹುಡುಗಿ ಕ್ಲಬ್ಬಿನಲ್ಲಿ ಗುರಿ ಹೊಡೆಯುತ್ತಾಳೆ, ಚಲೋ ಹೊಡೆಯುತ್ತಾಳೆ. ಮಾರ್ಚಿನಲ್ಲಿ ಹಳೆಯ ರೈಫಲುಗಳದ್ದೇ ಒಂದು ಪಂದ್ಯ ಇದೆಯಂತೆ. "ಅಂಕಲ್, ಅಜ್ಜಾಗ ಪ್ರಾಮಿಸ್ ಮಾಡೀನಿ. ಒಮ್ಮೆ ಇದರಾಗ ಹೊಡೀಬೇಕು" ಎಂದು ಕೌಂಟರಿನ ಮೇಲೆ ಇಟ್ಟಳು. ನಾನು ಅದನ್ನು ಮುಟ್ಟಲು ಎರಡು ದಿನ ತೆಗೆದುಕೊಂಡೆ.

ಅದರ ಕಥೆ ನಿನಗೆ ನಾನು ಹೇಳಬೇಕೇ? ಯಾವ ಕಾರ್ಖಾನೆಯೂ ಅದರ ಗುಂಡು ಮಾಡುವುದಿಲ್ಲ. ಹಳೆಯ ಕಾಲದ ಯಾವನೋ ಸಾಹೇಬ ಗುಂಡು ಕೂರುವ ನಳಿಗೆಯ ಹೊಟ್ಟೆಯನ್ನು ತನ್ನ ಮನಸ್ಸಿಗೆ ಬಂದಂತೆ ಕೊರೆಸಿಕೊಂಡ. ಬೇರೆ ಜಾತಿಯ ದೊಡ್ಡ ಗುಂಡಿನ ಖಾಲಿ ಹಿತ್ತಾಳೆ ಕೋಕಾ ತಂದು, ಅಚ್ಚಿನಲ್ಲಿ ಒತ್ತಿ, ಕುತ್ತಿಗೆ ಸಣ್ಣದು ಮಾಡಿ, ಉದ್ದ ಕತ್ತರಿಸಿ ನಾವೇ ಹೊಂದಿಸಬೇಕು. ಇಂಥ ಗುಂಡಿಗೆ ಇಂಗ್ಲಿಷರು ಕಾಡುಬೆಕ್ಕು ಅನ್ನುತ್ತಾರೆಂದು ನೀನೇ ಹೇಳಿದ್ದೆ. "ಬೆಕ್ಕಲ್ಲಲೇ, ಇದು ಒದಿಯೋ ಎಮ್ಮಿ" ಎಂದು ನಾನು ಅಂದಿದ್ದೆ. ಆಗ ಎಷ್ಟು ನಗುತ್ತಿದ್ದೆವಲ್ಲ.

ನಮ್ಮ ಅಂಗಡಿಯ ಸೇಠರು ಸರಕಾರಿ ಪರವಾನಗಿಯ ಕಾಗದಗಳನ್ನೆಲ್ಲ ಹೊಸದಾಗಿ ಮಾಡಿಸಿದರು. ಇಪ್ಪತ್ತು ಕೋಕಾ ತರಿಸಿಕೊಟ್ಟರು. ಮೂರು ವಾರ ಕೂತೆ. ಮೂರರ ಕುತ್ತಿಗೆ ಕೂದಲೆಳೆಯಷ್ಟು ಸೀಳಿತು, ಎತ್ತಿ ಬದಿಗಿಟ್ಟೆ. ಹದಿನೇಳು ಉಳಿದಿವೆ. ಸೀಳದಂತೆ ಕುತ್ತಿಗೆ ಕಾಯಿಸಿ ಮೆತ್ತಗೆ ಮಾಡುವ ಕೆಲಸವನ್ನು ನೀನು ಕಲಿಸಿದ ಹಾಗೆಯೇ ಮಾಡಿದೆ. ತಾಟಿನಲ್ಲಿ ನೀರು, ನೀರಿನಲ್ಲಿ ಬುಡ, ಬೆಂಕಿ ಕುತ್ತಿಗೆಗೆ ಮಾತ್ರ. ಕಿಟಕಿಗೆ ಗೋಣಿಪಟ್ಟೆ ಕಟ್ಟಿ ಮಬ್ಬು ಮಾಡಿಕೊಂಡು, ಬಣ್ಣ ತಿರುಗಿದ ಕೂಡಲೇ ನೀರಿಗೆ ಉರುಳಿಸಿದೆ. ಕುತ್ತಿಗೆಯ ಸುತ್ತ ಆ ನೀಲಿ ಛಾಯೆ ಹಾಗೇ ಇದೆ, ಉಜ್ಜಿಲ್ಲ. ಎಲ್ಲಿಯವರೆಗೆ ಬೆಂಕಿ ತಾಗಿದೆ ಎಂದು ನೋಡಿದವರಿಗೆ ಕಾಣಬೇಕು ಅಂತ ನೀನು ನೂರು ಸಲ ಬೈದಿದ್ದೆಯಲ್ಲ.

ಇನ್ನು ಮದ್ದು ತೂಗಿ ತುಂಬಬೇಕು. ಮೊದಲು ಹಗುರಾಗಿ ತುಂಬಿ ಹೊಡೆದರೆ ಕೋಕಾ ಹಿಗ್ಗಿ ನಳಿಗೆಯ ಹೊಟ್ಟೆಗೆ ಸರಿಯಾಗಿ ಕೂರುತ್ತದೆ. ಆಮೇಲೆ ಮತ್ತೆ ತುಂಬಿ, ಚೂರು ಚೂರೇ ಏರಿಸುತ್ತ, ಯಾವ ತೂಕಕ್ಕೆ ಗುಂಡುಗಳು ಕಾಗದದ ಮೇಲೆ ಒಂದೇ ಕಡೆ ಬೀಳುತ್ತವೆ ಎಂದು ಹುಡುಕಬೇಕು. ಸೇಠರು ಕರೆಂಟಿನ ತಕ್ಕಡಿ ತಂದಿದ್ದಾರೆ. ಮೇಲೆ ಫ್ಯಾನು ತಿರುಗಿದರೆ ಅದರ ಅಂಕಿ ಕುಣಿಯುತ್ತದೆ. ಫ್ಯಾನು ಬಂದ್ ಮಾಡಿದರೆ ಸೇಠರು ಬೆವರುತ್ತಾರೆ. ನಿನ್ನೆ ಅದನ್ನು ನೋಡುತ್ತ ನನಗೆ ಸಿಟ್ಟು ಬಂದು, "ಸೇಠ್‌ಜಿ, ಇದನ್ನ ಕಾಯಿಪಲ್ಲೆ ಅಂಗಡಿಗೆ ಕೊಡ್ರಿ" ಎಂದುಬಿಟ್ಟೆ. ನಿನ್ನ ಹಳೆಯ ಕೈತಕ್ಕಡಿ ಗೋಡೆಯ ಮಾಡದಲ್ಲಿ ಅದೇ ಕೆಂಪು ಬಟ್ಟೆಯಲ್ಲಿ ಇದೆ. ನೀನು ಹೋಗುವ ದಿನ ಗಂಟು ಹಾಕಿದ್ದೆ, ಇವತ್ತಿನವರೆಗೆ ಯಾರೂ ಬಿಚ್ಚಿಲ್ಲ.

ಈಗ ಮಲ್ಲವ್ವನ ಮಾತು. ಹೋದ ತಿಂಗಳು ದಾದರಿನ ಮಾರುಕಟ್ಟೆಯಲ್ಲಿ ಸಿಕ್ಕಿದ್ದಳು. ನಿನಗೆ ಹೇಳಿರಲಿಕ್ಕಿಲ್ಲ. ಮೆಂತ್ಯ ಪಲ್ಲೆಯ ಸಿವುಡು ಕೈಯಲ್ಲಿ ಹಿಡಿದು ನಿಂತಲ್ಲೇ ಕಣ್ಣೀರು ಹಾಕಿದಳು. "ಅಣ್ಣಾ, ಇವರು ಚಾಕ್ಕ ಸಕ್ರಿ ಸುದ್ದಾ ತಾವು ಹಾಕ್ಕೊಳ್ಳಂಗಿಲ್ಲ. ನನ್ನ ಕೈ ಖಾತ್ರಿ ಇಲ್ಲ, ನೀನಽ ಹಾಕು ಅಂತಾರ. ಕಣ್ಣು ಹೋಗಿದ್ದಕ್ಕ ಅವರು ಒಂದ ದಿನಾನೂ ಅತ್ತಿಲ್ಲ. ಈ ಕೈ ಹೋತು ಅಂತ ಸೊರಗ್ಯಾರ" ಎಂದಳು. ಸೋನಾಲಿಗೆ ಜ್ವರ ಬಂದ ದಿನದ ಸಂಗತಿಯನ್ನೂ ಹೇಳಿದಳು. ಮನೆಯಲ್ಲಿ ನೀನೊಬ್ಬನೇ ಇದ್ದೆಯಂತೆ. ಔಷಧದ ಬಾಟಲಿ ಒಂದು ಕೈಯಲ್ಲಿ, ಅಳತೆಯ ಮುಚ್ಚಳ ಇನ್ನೊಂದು ಕೈಯಲ್ಲಿ. ಅವಳು ಬರುವವರೆಗೆ ಅರ್ಧ ತಾಸು ಹಾಗೇ ನಿಂತಿದ್ದೆಯಂತೆ. ಮಗು ಅಳುತ್ತಿತ್ತಂತೆ, ನೀನು ಹಾಕಲಿಲ್ಲವಂತೆ.

ಅದನ್ನು ಕೇಳಿದ ಮೇಲೆ ನನಗೆ ಅನ್ನ ಸೇರಿಲ್ಲ ಶಿವಪ್ಪಾ. ಸಾಸಿವೆ ಕಾಳಿನಷ್ಟು ಮದ್ದು ಹೆಚ್ಚಾದರೂ ಚಿಮಟಿಗೆಯಿಂದ ತೆಗೆದು ಹಾಕುತ್ತಿದ್ದವನು ನೀನು. ಆ ಕೈ ಈಗ ಕಾಲೇಜಿನ ಗೇಟಿನಲ್ಲಿ ಕೂತು ಬಂದುಹೋಗುವ ಗಾಡಿಗಳ ನಂಬರು ಬರೆಯುತ್ತಿದೆ. ಆ ಕೆಲಸ ಸಣ್ಣದು ಅಂತ ನಾನು ಹೇಳುತ್ತಿಲ್ಲ. ಅದು ನಿನ್ನ ಕೈಯ ಕೆಲಸ ಅಲ್ಲ ಎನ್ನುತ್ತಿದ್ದೇನೆ.

ಆದ್ದರಿಂದ ಕೇಳು. ಫೆಬ್ರವರಿ ಎರಡು, ರವಿವಾರ, ಪನ್ವೇಲ್ ಕಡೆಯ ರೇಂಜಿನಲ್ಲಿ ಪರೀಕ್ಷೆ ಇಟ್ಟುಕೊಂಡಿದ್ದೇವೆ. ಅದಕ್ಕಿಂತ ಮೊದಲು ಒಂದು ಶನಿವಾರ ನೀನು ಅಂಗಡಿಗೆ ಬರಬೇಕು. ಆ ಕೆಂಪು ಬಟ್ಟೆ ಬಿಚ್ಚಿ, ಹದಿನೇಳು ಕೋಕಾಗಳಿಗೂ ಮದ್ದು ನೀನೇ ತೂಗಿ ತುಂಬಬೇಕು. ಒಂದು ಕಣ್ಣು ಸಾಕು ಅದಕ್ಕೆ. ಮೊದಲೂ ನೀನು ತಕ್ಕಡಿಯ ಮುಳ್ಳು ನೋಡುವಾಗ ಒಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ನೀನು ಏನು ಹೇಳುತ್ತೀ ಎಂದು ಗೊತ್ತು. ನಮ್ಮ ಅಂಗಡಿಯ ನಿಯಮ ನೀನೇ ಮಾಡಿದ್ದು, ಹೊಸ ಗುಂಡನ್ನು ತುಂಬಿದವನೇ ಮೊದಲು ಹೊಡೆಯಬೇಕು. ತಾನು ತುಂಬಿದ್ದನ್ನು ತನ್ನ ಕೆನ್ನೆಗೆ ಹಚ್ಚಿಕೊಳ್ಳುವ ಧೈರ್ಯ ಇಲ್ಲದವನು ಗಿರಾಕಿಯ ಕೈಗೆ ಕೊಡಬಾರದು ಎನ್ನುತ್ತಿದ್ದೆ. ಆ ನಿಯಮವನ್ನು ಈ ಸಲ ನಾನು ಮುರಿಯುತ್ತೇನೆ. ಮೊದಲ ಗುಂಡು ನಾನು ಹೊಡೆಯುತ್ತೇನೆ. ರೈಫಲನ್ನು ಕಟ್ಟೆಗೆ ಬಿಗಿದು ದೂರದಿಂದ ಹಗ್ಗ ಎಳೆಯೋಣ ಎಂದು ಸೇಠರು ಹೇಳಿದರು. ಬೇಡ ಎಂದೆ. ನನ್ನ ಕೆನ್ನೆಗೇ ಹಚ್ಚಿ ಹೊಡೆಯುತ್ತೇನೆ. ಅಮೀರುನ್ನೀಸಾಳಿಗೂ ಹೇಳಿದ್ದೇನೆ. "ತಲಿ ಕೆಟ್ಟೈತಿ ನಿಮಗ" ಎಂದು ಒಂದು ದಿನ ಮಾತು ಬಿಟ್ಟಳು. ಪೂರ್ತಿ ಕಾರಣ ಹೇಳಿದ ಮೇಲೆ, ಹೋಗಿ ಬರ್ರಿ ಎಂದಳು. ಎಷ್ಟಾದರೂ ನನ್ನ ಹೆಂಡತಿ.

ಬೇರೆ ಏನು ಬರೆಯಲಿ? ನಮ್ಮ ಬಿಲ್ಡಿಂಗಿಗೆ ಲಿಫ್ಟು ಬಂತು, ವಾರಕ್ಕೆ ಮೂರು ದಿನ ನಿಲ್ಲುತ್ತದೆ. ನನ್ನ ಎಡಗೈ ಬೆರಳು ಚಳಿಗೆ ಮರಗಟ್ಟುತ್ತದೆ. ನೂರೀನಳ ಲಗ್ನದ ಮಾತು ನಡೆದಿದೆ. ಹುಡುಗ ಬೆಳಗಾವಿಯವನು, ಕನ್ನಡ ಚೆನ್ನಾಗಿ ಆಡುತ್ತಾನೆ, ಅಷ್ಟು ಸಾಕು ನನಗೆ. ಅದು ಕುದುರಿದರೆ ಹಂದರದಲ್ಲಿ ನೀನು ನನ್ನ ಬಾಜೂಕ ಕೂರಬೇಕು. ಪತ್ರ ಪೂರ್ತಿ ಓದಿದ ಮೇಲೂ ಕೂರುವ ಮನಸ್ಸಿದ್ದರೆ.

ಮಲ್ಲವ್ವ ತಂಗಿ ಮುತ್ತೈದೆಯಾಗಿ ನೂರು ವರ್ಷ ಬಾಳಲಿ. ಬಸುವಿನ ಮನೆ ತುಂಬಿರಲಿ. ಸೋನಾಲಿಗೆ ಮತ್ತೆ ಜ್ವರ ಬಾರದಿರಲಿ, ಅಲ್ಲಾಹು ಅವಳನ್ನು ಕಾಪಾಡಲಿ. ನಿನಗೆ ನೆಮ್ಮದಿ ಸಿಗಲಿ, ಅದನ್ನೇ ದಿನಾ ಬೇಡುತ್ತೇನೆ.

ನಿನ್ನ,
ನಿಜಾಮ್ಯಾ

ತಾ.ಕ.: ಮೇಲೆ ಬರೆಯಬೇಕಾದದ್ದನ್ನು ಕೆಳಗೆ ಬರೆಯುತ್ತಿದ್ದೇನೆ. ಮೊದಲು ಬರೆದಿದ್ದರೆ ಮುಂದಿನದನ್ನು ನೀನು ಓದುತ್ತಿರಲಿಲ್ಲ.

ಅಂದು ನೀನು ಮದ್ದು ಹೆಚ್ಚು ಹಾಕಿರಲಿಲ್ಲ.

ಆ ಸಲ ಹನ್ನೆರಡು ಕೋಕಾ ಮಾಡುತ್ತಿದ್ದೆ. ಏಳನ್ನು ನೀನು ಹೇಳಿದಂತೆ ನೀರಿನಲ್ಲಿ ನಿಲ್ಲಿಸಿ ಕಾಯಿಸಿದೆ. ಅವುಗಳಲ್ಲಿ ನಾಲ್ಕರ ಕುತ್ತಿಗೆ ಅಚ್ಚಿನಲ್ಲಿ ಸೀಳಿತು. ನನಗೆ ರೇಗಿ ಹೋಯಿತು. ನನ್ನ ಅಪ್ಪ ವಿಜಯಪುರದ ಓಣಿ ಓಣಿಗೆ ಹೋಗಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದವನು. ಪಾತ್ರೆ ತಗ್ಗು ಬಿದ್ದು ಮೊಂಡು ಹಿಡಿದರೆ ಬುಡಕ್ಕೆ ಬೆಂಕಿ ಕೊಟ್ಟು ಪೂರ್ತಿ ಕೆಂಪು ಮಾಡುತ್ತಿದ್ದ, ಆಮೇಲೆ ಅದು ಬಡಿದಂತೆ ಬಾಗುತ್ತಿತ್ತು. ನಾನೂ ಉಳಿದ ಐದನ್ನು ಇದ್ದಿಲ ಒಲೆಗೆ ಹಾಕಿ ಬುಡಸಮೇತ ಕೆಂಪು ಮಾಡಿದೆ. ಒಂದೂ ಸೀಳಲಿಲ್ಲ. ಖುಷಿಯಾಯಿತು. ಬುಡ ಗಟ್ಟಿ ಇರದಿದ್ದರೆ ಗ್ಯಾಸು ಹಿಂದಕ್ಕೆ, ಹೊಡೆಯುವವನ ಮುಖಕ್ಕೆ ನುಗ್ಗುತ್ತದೆ ಎಂದು ನೀನು ಹೇಳಿದ್ದು ಕಿವಿಯಲ್ಲಿತ್ತು, ಕೈಯಲ್ಲಿ ಇರಲಿಲ್ಲ. ಆಮೇಲೆ ಐದನ್ನೂ ಹುಣಸೆಹಣ್ಣಿನ ನೀರಿನಲ್ಲಿ ತಿಕ್ಕಿ ಫಳಫಳ ಮಾಡಿದೆ, ಅಪ್ಪ ಮಾಡುತ್ತಿದ್ದ ಹಾಗೆ. ಬೆಂಕಿಯ ಗುರುತು ಅಳಿಸಿಹೋಯಿತು. ಆ ಹೊಳಪು ನೋಡಿ ನೀನು, "ಏನಲೇ, ಮದಿವಿಗೆ ಹೊಂಟಾವೇನು ಇವು" ಎಂದೆ. ನೀನು ಮೊದಲು ತುಂಬಿ ಹೊಡೆದದ್ದು ಅವುಗಳಲ್ಲೇ ಒಂದು.

ಹತ್ತು ದಿನದ ಮೇಲೆ ಆ ಐದರಲ್ಲಿ ಖಾಲಿ ಉಳಿದಿದ್ದ ನಾಲ್ಕನ್ನು ಪಕ್ಕಡಿನ ಬಾಯಲ್ಲಿ ಹಿಡಿದು ಒತ್ತಿ ನೋಡಿದೆ. ಬುಡ ತಗಡಿನಂತೆ ಬಾಗಿತು. ಒಂದನ್ನು ಜೇಬಿನಲ್ಲಿಟ್ಟುಕೊಂಡು ಆಸ್ಪತ್ರೆಗೆ ಬಂದೆ, ಹೇಳಲಿಕ್ಕೇ ಬಂದೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ನೀನು ನನ್ನ ಕೈ ಹಿಡಿದು, "ನನ್ನ ಕೈ ತಪ್ಪಿತಲೇ ನಿಜಾಮ್ಯಾ. ಪುಣ್ಯಾಕ ನೀ ಬಾಜೂಕ ನಿಂತಿರಲಿಲ್ಲ" ಎಂದೆ. ನಾನು ಏನಂದೆ ನೆನಪಿದೆಯೇ? "ಆಗ್ತಾವ ಬಿಡು, ಮನಷ್ಯಾನ ಕೈ" ಎಂದೆ. ನನ್ನ ತಪ್ಪಿಗೆ ನಾನು ನಿನ್ನನ್ನು ಕ್ಷಮಿಸಿ ಬಂದೆ. ನಮ್ಮ ಮನೆಗೆ ಬಂದ ಕರ್ಚಿಕಾಯಿ ಹನ್ನೆರಡು ದೀಪಾವಳಿ ನನ್ನ ಗಂಟಲಲ್ಲಿ ನಿಂತಿದೆ.

ನಿನ್ನೆ ಸೇಠರಿಗೆ ಎಲ್ಲ ಹೇಳಿದೆ. ಅವರು ಎದ್ದು ಕಪಾಟು ತೆರೆದರು. ಆಮೇಲೆ ಹಳೆಯ ರಜಿಸ್ಟರು ತೆಗೆದು, ನಿನ್ನ ಹೆಸರಿನ ಮುಂದೆ ಬರೆದಿದ್ದ "ಮದ್ದಿನ ತೂಕ ತಪ್ಪಿದೆ" ಎನ್ನುವುದನ್ನು ನನ್ನ ಕೈಯಿಂದಲೇ ಹೊಡೆದುಹಾಕಿಸಿದರು. ಕೆಳಗೆ ನನ್ನ ಹೆಸರು ಬರೆದು ಸಹಿ ಮಾಡಿದೆ. ಮುಂದೆ ನನ್ನನ್ನು ಇಟ್ಟುಕೊಳ್ಳುತ್ತಾರೋ ಬಿಡುತ್ತಾರೋ, ಫೆಬ್ರವರಿ ಎರಡರ ನಂತರ ಹೇಳುತ್ತಾರಂತೆ.

ಪೊಟ್ಟಣದಲ್ಲಿ ಅರ್ಧಕ್ಕೆ ಸೀಳಿದ ಎರಡು ಖಾಲಿ ಕೋಕಾ ಇವೆ. ಹೊಳೆಯುವುದು ಅಂದಿನದು, ನೀಲಿ ಛಾಯೆ ಇರುವುದು ಇವತ್ತಿನದು, ಕುತ್ತಿಗೆ ಸೀಳಿ ಬದಿಗಿಟ್ಟ ಮೂರರಲ್ಲಿ ಒಂದು. ಮನೆಯಲ್ಲಿ ಪಕ್ಕಡು ಇರುತ್ತದೆ, ಎರಡರ ಬುಡವನ್ನೂ ಒತ್ತಿ ನೋಡು. ನನ್ನ ಮಾತು ನಂಬಬೇಡ, ನಿನ್ನ ಕೈ ನಂಬು.

ನೀನು ಬಂದರೆ ತಕ್ಕಡಿ ಕಾಯುತ್ತಿದೆ. ಬರದಿದ್ದರೆ, ನನ್ನ ಮುಖ ಇನ್ನು ನೋಡುವುದಿಲ್ಲ ಎಂದರೆ, ಅದೂ ನ್ಯಾಯವೇ. ಆದರೆ ಮಗುವಿಗೆ ಮತ್ತೆ ಔಷಧ ಹಾಕಬೇಕಾಗಿ ಬಂದರೆ ಮಲ್ಲವ್ವನ ದಾರಿ ಕಾಯಬೇಡ. ನೀನೇ ಅಳೆದು ಹಾಕು.