ಕೆಂಪು ಬೇಡ, ಬಿಳೀದು ತೆಗೀರಿ

ಮಾಟುಂಗಕ್ಕೆ ಹೋಗಿ ಬಾಳೆಎಲೆ ತರಲು ಹೊರಟ ಅಲಮೇಲು ಗಂಡ ಸತ್ಯಮೂರ್ತಿಗೊಂದು ಚೀಟಿ ಬರೆಯಲು ಕುಳಿತಳು. ಚೆಂಬೂರಿನ ರಿಫೈನರಿಯಲ್ಲಿ ಸತ್ಯಮೂರ್ತಿಯ ಜೊತೆ ದುಡಿದ ಇಟಲಿಯ ಇಂಜಿನಿಯರ್ ಮಾರ್ಕೋ ನಾಳೆ ಊರಿಗೆ ಹಡಗು ಹತ್ತುವವನಿದ್ದ. ಇಂದು ರಾತ್ರಿ ಇವರ ಮನೆಯಲ್ಲಿ ಊಟ. ಊಟದ ಜೊತೆ ತನಗೆ ಬೇಕೆಂದು ಕೆಂಪು ಒಂದು, ಬಿಳಿ ಒಂದು, ಎರಡು ಬಾಟಲಿ ವೈನನ್ನು ನಿನ್ನೆಯೇ ಕೊಟ್ಟುಹೋಗಿದ್ದ. ಊರಲ್ಲಿದ್ದ ಪಾನನಿರೋಧದ ಕಾಯ್ದೆಗೆ ಹೆದರಿ ಸತ್ಯಮೂರ್ತಿ ಅವನ್ನು ಟ್ರಂಕಿನಲ್ಲಿ ಬಚ್ಚಿಟ್ಟಿದ್ದ.

‘ರೀ, ಟ್ರಂಕು ಕಾದ ಹೆಂಚಾಗಿತ್ತು. ಬಾಟಲಿ ತೆಗೆದು ಒದ್ದೆ ಬಟ್ಟೆ ಸುತ್ತಿ ಹೂಜಿ ಪಕ್ಕ ಮಲಗಿಸಿದೀನಿ. ಮತ್ತೆ ಬಚ್ಚಿಡಬೇಡಿ, ಅವರ ಹತ್ರ ಕುಡಿಯೋಕೆ ಸರ್ಕಾರದ ಪರ್ಮಿಟ್ ಇದೆ. ನಮ್ಮ ಖಾರಕ್ಕೆ ಕೆಂಪು ಒಗ್ಗಲ್ಲ ಅಂತ ಅವರೇ ಹೇಳಿದ್ದು, ಬಿಳೀದು ತೆಗೀರಿ. ಹಿತ್ತಾಳೆ ಲೋಟ ಬೇಡ, ಗಾಜಿಂದು ತೊಳೆದಿಟ್ಟಿದೀನಿ. ಕಾಫಿ ಥರ ಕಂಠಪೂರ್ತಿ ಸುರೀಬೇಡಿ, ಅರ್ಧ ಸಾಕು. ಉಳಿದರೆ ಬಿರಡೆ ಬಿಗಿದು ಅವರ ಕೈಗೇ ಕೊಡಿ.’

ಅಲ್ಲಿಗೆ ಪೆನ್ನು ನಿಂತಿತು. ಗಂಡನಿಗೆ ಬಾಟಲಿಗಿಂತ ಮಾತಿನ ಭಯವೇ ಹೆಚ್ಚೆಂದು ಅವಳಿಗೆ ಗೊತ್ತಿತ್ತು. ಯಾರಾದರೂ ಬಂದರೆ ಪೇಪರಿನ ಹಿಂದೆ ಅಡಗುವ ಮನುಷ್ಯ. ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ‘ಇಂಗ್ಲಿಷ್ ತಡವರಿಸಿದ್ರೆ ತಡವರಿಸಲಿ. ಅವರದೂ ಅಷ್ಟರಲ್ಲೇ ಇದೆ. ನಾನು ಬರೋದು ತಡವಾದ್ರೆ ಏನಾದ್ರೂ ಮಾತಾಡ್ತಿರಿ.’

ಬಸ್ಸು ಸಿಗದೆ ತಡವೇ ಆಯಿತು. ಎಲೆಯ ಸುರುಳಿ ಹಿಡಿದು ಮೆಟ್ಟಿಲು ಹತ್ತುವಾಗ ಒಳಗಿಂದ ಇಬ್ಬರ ನಗು ಕೇಳಿಸಿತು. ಹುಡುಗನಾಗಿದ್ದಾಗ ಕಾವೇರಿಯಲ್ಲಿ ಈಜಲು ಹೋಗಿ ಪಂಚೆ ಕಳೆದುಕೊಂಡ ಕಥೆಯನ್ನು ಸತ್ಯಮೂರ್ತಿ ಹರುಕುಮುರುಕು ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಆ ಕಥೆ ಅವಳಿಗೂ ಹೊಸದು. ಅದು ಮುಗಿಯುವವರೆಗೆ ಅವಳು ಬಾಗಿಲು ತಟ್ಟಲಿಲ್ಲ.